ಊರಿಗೆ ಹೋಗುವ ಟಿಕೆಟ್ಟಿನ ಹಿಂದಿರುವ ಹಳೆಯ ಗಣಕಯಂತ್ರ

ಚೆನ್ನೈ: ದಸರಾ, ದೀಪಾವಳಿ ಹತ್ತಿರ ಬಂತೆಂದರೆ ನಗರದ ಕನ್ನಡಿಗರ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಟಿಕೆಟ್ ಸಿಕ್ಕಿತಾ?’ ಎಂಬುದು. ಕಾವೇರಿ ಎಕ್ಸ್‌ಪ್ರೆಸ್ ಇರಲಿ, ಬೆಂಗಳೂರು ಮೇಲ್ ಇರಲಿ, ಹಬ್ಬದ ದಿನಗಳಲ್ಲಿ ಬರ್ತ್ ಸಿಗುವುದು ಕಷ್ಟ. ಬೆಳಗ್ಗೆ 10 ಗಂಟೆಗೆ ಎ.ಸಿ., 11ಕ್ಕೆ ಸ್ಲೀಪರ್ ದರ್ಜೆಯ ತತ್ಕಾಲ್ ಬುಕಿಂಗ್ ಆರಂಭವಾದ ಕೆಲವೇ ನಿಮಿಷಗಳಲ್ಲಿ ವೇಟಿಂಗ್ ಲಿಸ್ಟ್ ಶುರುವಾಗುತ್ತದೆ. ಈ ನೂಕುನುಗ್ಗಲನ್ನು ತಾಳಿಕೊಳ್ಳುತ್ತ ಬಂದದ್ದು ಹಳೆಯ ತಲೆಮಾರಿನ ಒಂದು ಗಣಕ ವ್ಯವಸ್ಥೆ. ಅದನ್ನು ಬದಲಿಸುವ ದೊಡ್ಡ ಕೆಲಸಕ್ಕೆ ರೈಲ್ವೆ ಇಲಾಖೆ ಕೈಹಾಕಿದೆ.

ರಿಜಿಸ್ಟರಿನಿಂದ ಗಣಕಕ್ಕೆ

ಹಿಂದೆ ಕಾಯ್ದಿರಿಸಿದ ಸೀಟುಗಳ ಲೆಕ್ಕವೆಲ್ಲ ಕೈಬರಹದ ರಿಜಿಸ್ಟರಿನಲ್ಲಿತ್ತು. ಬೇರೆ ಊರಿನಿಂದ ಹಿಂದಿರುಗುವ ಟಿಕೆಟ್ ಬೇಕಿದ್ದರೆ ಅಲ್ಲಿಗೆ ತಂತಿ ಕಳುಹಿಸಿ ಉತ್ತರಕ್ಕೆ ಕಾಯಬೇಕಿತ್ತು. 1985-86ರಲ್ಲಿ ದೆಹಲಿಯಲ್ಲಿ ಗಣಕೀಕೃತ ಕಾಯ್ದಿರಿಸುವಿಕೆ ಆರಂಭವಾಯಿತು. ರೈಲ್ವೆಯ ತಂತ್ರಾಂಶ ಸಂಸ್ಥೆಯಾದ ‘ಕ್ರಿಸ್’ 1986ರಲ್ಲಿ ಸ್ಥಾಪನೆಯಾಯಿತು. ದೆಹಲಿ, ಮುಂಬಯಿ, ಕೋಲ್ಕತ, ಸಿಕಂದರಾಬಾದ್ ಹಾಗೂ ಚೆನ್ನೈ ಕೇಂದ್ರಗಳನ್ನು ಜೋಡಿಸುವ ‘ಕನ್ಸರ್ಟ್’ ತಂತ್ರಾಂಶದ ಜಾಲ 1999ರಲ್ಲಿ ಪೂರ್ಣಗೊಂಡಿತು. ಆ ಬಳಿಕ ಸೆಂಟ್ರಲ್ ಪಕ್ಕದ ಮೂರ್ ಮಾರ್ಕೆಟ್ ಸಂಕೀರ್ಣದ ಕೌಂಟರಿನಲ್ಲಿ ನಿಂತೇ ಹುಬ್ಬಳ್ಳಿಯಿಂದ ದೆಹಲಿಗೂ ಟಿಕೆಟ್ ಪಡೆಯುವುದು ಸಾಧ್ಯವಾಯಿತು. 2002ರಲ್ಲಿ ಐಆರ್‌ಸಿಟಿಸಿ ಮೂಲಕ ಅಂತರ್ಜಾಲ ಬುಕಿಂಗ್ ಬಂತು.

ಬದಲಾವಣೆ ಏಕೆ?

ಸರ್ಕಾರ ಸಂಸತ್ತಿಗೆ ತಿಳಿಸಿದಂತೆ, 2010ರಲ್ಲಿ ಅಳವಡಿಸಿದ ವ್ಯವಸ್ಥೆ ಇಟಾನಿಯಂ ಸರ್ವರ್ ಮತ್ತು ಓಪನ್ ವಿಎಂಎಸ್ ಮೇಲೆ ನಡೆಯುತ್ತಿತ್ತು. ಓಪನ್ ವಿಎಂಎಸ್‌ನ ಮೂಲ 1970ರ ದಶಕದ್ದು. ಇಂಟೆಲ್ ಕಂಪನಿ ಇಟಾನಿಯಂ ಚಿಪ್‌ಗಳ ಸರಬರಾಜನ್ನೇ 2021ರಲ್ಲಿ ನಿಲ್ಲಿಸಿತು. ಹೊಸ ಬಿಡಿಭಾಗ ಸಿಗದ, ಬಲ್ಲವರ ಸಂಖ್ಯೆ ಕಡಿಮೆಯಾಗುತ್ತಿರುವ ಯಂತ್ರವನ್ನು ನೆಚ್ಚಿಕೊಂಡು ಇಡೀ ದೇಶದ ಪ್ರಯಾಣವನ್ನು ನಡೆಸುವುದು ಕಷ್ಟ.

ಹಾಗೆಂದು ಒಂದೇ ದಿನದಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವಂತಿಲ್ಲ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಆದರೂ ಯಾವುದೇ ದಿನ ನೋಡಿದರೆ ಮುಂದಿನ ಎರಡು ತಿಂಗಳ ಟಿಕೆಟ್‌ಗಳು ಆಗಲೇ ಮಾರಾಟವಾಗಿರುತ್ತವೆ. ಕೋಟಾ, ರಿಯಾಯಿತಿ, ಆರ್‌ಎಸಿ, ವೇಟಿಂಗ್ ಲಿಸ್ಟಿನ ನೂರಾರು ನಿಯಮಗಳು ಹಳೆಯ ತಂತ್ರಾಂಶದೊಳಗೇ ಹುದುಗಿವೆ. ಒಂದು ನಿಯಮ ತಪ್ಪಿದರೂ ಒಂದೇ ಬರ್ತಿಗೆ ಇಬ್ಬರು ಬಂದು ನಿಲ್ಲಬೇಕಾದೀತು!

2025ರಲ್ಲಿ ಸಂಸತ್ತಿನಲ್ಲಿ ನೀಡಿದ ಉತ್ತರದಂತೆ, ಹಳೆಯ ವ್ಯವಸ್ಥೆ ನಿಮಿಷಕ್ಕೆ ಸುಮಾರು 25 ಸಾವಿರ ಟಿಕೆಟ್ ನೀಡಬಲ್ಲದು; ಹೊಸದನ್ನು ಅದರ ನಾಲ್ಕು ಪಟ್ಟು ಸಾಮರ್ಥ್ಯಕ್ಕೆ ರೂಪಿಸಲಾಗಿದೆ.

ವೇಗ ಬಂದರೆ ಸೀಟು ಬಂದೀತೇ?

ಇಲ್ಲಿ ಪ್ರಯಾಣಿಕರು ಗಮನಿಸಬೇಕಾದ ಸಂಗತಿಯೊಂದಿದೆ. ತಂತ್ರಾಂಶ ಎಷ್ಟೇ ವೇಗವಾದರೂ ಕಾವೇರಿ ಎಕ್ಸ್‌ಪ್ರೆಸ್‌ಗೆ ಒಂದು ಬೋಗಿಯೂ ಹೆಚ್ಚುವುದಿಲ್ಲ. ಇದ್ದ ಸೀಟು ನ್ಯಾಯವಾಗಿ ಯಾರ ಕೈಸೇರುತ್ತದೆ ಎಂಬುದಷ್ಟೇ ಬದಲಾಗಬಹುದು. 2025ರ ಜುಲೈ 1ರಿಂದ ಅಂತರ್ಜಾಲದ ತತ್ಕಾಲ್ ಟಿಕೆಟ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾದದ್ದು, ಮೊದಲ ಅರ್ಧ ಗಂಟೆ ಏಜೆಂಟರಿಗೆ ತತ್ಕಾಲ್ ಬುಕಿಂಗ್ ನಿಷೇಧಿಸಿದ್ದು ಇದೇ ಉದ್ದೇಶದಿಂದ. ಸಂಶಯಾಸ್ಪದವೆಂದು ಕಂಡ ಎರಡೂವರೆ ಕೋಟಿಗೂ ಹೆಚ್ಚು ಬಳಕೆದಾರ ಖಾತೆಗಳನ್ನೂ ಆ ವರ್ಷ ನಿಷ್ಕ್ರಿಯಗೊಳಿಸಲಾಯಿತು.

ಆದರೆ ಮೊಬೈಲ್ ಬಳಸಲು ತಿಳಿಯದ ಹಿರಿಯರ ಪಾಡೇನು? ಅವರಿಗೆ ಇಂದಿಗೂ ಕೌಂಟರೇ ಆಸರೆ. ಹೊಸ ವ್ಯವಸ್ಥೆಯಲ್ಲಿ ಸೀಟಿನ ಆಯ್ಕೆ, ಅಂಗವಿಕಲರು, ರೋಗಿಗಳು ಮತ್ತು ವಿದ್ಯಾರ್ಥಿಗಳಿಗೆ ಅನುಕೂಲ, ಬಹುಭಾಷಾ ಸೌಲಭ್ಯ ಇರುತ್ತವೆ ಎಂದು ಇಲಾಖೆ 2025ರ ಜೂನ್‌ನಲ್ಲಿ ಪ್ರಕಟಿಸಿತ್ತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ನಿಲ್ದಾಣಗಳ ಸಾಮಾನ್ಯ ಟಿಕೆಟ್‌ಗಳ ಮೇಲೆ ಕನ್ನಡ ಮುದ್ರಣಗೊಂಡದ್ದು 2018ರಲ್ಲಷ್ಟೇ. ತಂತ್ರಾಂಶ ಒಮ್ಮೆ ಗಟ್ಟಿಯಾಗಿ ನೆಲೆಯೂರಿದ ಮೇಲೆ ತಿದ್ದಿಸುವುದು ಎಷ್ಟು ಕಷ್ಟವೆಂಬುದನ್ನು ಹಳೆಯ ವ್ಯವಸ್ಥೆಯೇ ತೋರಿಸಿಕೊಟ್ಟಿದೆ. ಆದ್ದರಿಂದ ಕನ್ನಡದ ಪರದೆಯೂ ಬೇಕು, ಹಿರಿಯರಿಗಾಗಿ ಕೌಂಟರೂ ಉಳಿಯಬೇಕು ಎಂಬ ಬೇಡಿಕೆಯನ್ನು ಹೊರನಾಡಿನ ಕನ್ನಡ ಸಂಘಗಳು ಬರಹದಲ್ಲಿ ಇಲಾಖೆಗೆ ಸಲ್ಲಿಸಲು ಇದು ಸಕಾಲ.