ಸೈನಿಕ ಹುಳುವಿನ ಆಶ್ರಯಸಸ್ಯಗಳು

ಯಾವ ಗಿಡವನ್ನು ತಿಂದು ಒಂದು ಕೀಟವು ಬಾಳಿ ಬೆಳೆಯುವುದೋ ಆ ಗಿಡವು ಅದರ ಆಶ್ರಯಸಸ್ಯವೆನಿಸುತ್ತದೆ. ರೇಷ್ಮೆಹುಳುವಿಗೆ ಹಿಪ್ಪುನೇರಳೆಯೊಂದೇ ಆಹಾರ. ಇದಕ್ಕೆ ತೀರ ವಿರುದ್ಧವಾದ ನಿದರ್ಶನ, ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ ಹುಟ್ಟಿ ಹರಡಿದ ಸ್ಪೊಡಾಪ್ಟೆರಾ ಫ್ರುಜಿಪರ್ಡಾ ಎಂಬ ಪತಂಗದ ಮರಿಹುಳು. ಕನ್ನಡ ನಾಡಿನಲ್ಲಿ ಇದು ಸೈನಿಕ ಹುಳು, ಲದ್ದಿ ಹುಳು ಎಂಬ ಹೆಸರುಗಳಿಂದ ಪರಿಚಿತವಾಗಿದೆ. 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ತಲೆದೋರಿದ ಈ ಪಿಡುಗು 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಕಂಡುಬಂದಿತು. ಭಾರತದಲ್ಲಿ ಇದನ್ನು ಗುರುತಿಸಿದ್ದು ಅದೇ ಮೊದಲು.

2018ರಲ್ಲಿ ಪ್ರಕಟವಾದ ವಿದ್ವತ್ಪೂರ್ಣ ಪಟ್ಟಿಯೊಂದರಲ್ಲಿ ಈ ಹುಳುವಿನ ಆಶ್ರಯಸಸ್ಯಗಳಾಗಿ 76 ಕುಟುಂಬಗಳ 353 ಸಸ್ಯಗಳನ್ನು ಎಣಿಸಲಾಗಿದೆ. ಇವುಗಳಲ್ಲಿ 106 ಹುಲ್ಲಿನ ಕುಟುಂಬಕ್ಕೆ ಸೇರಿದವು. ಸೂರ್ಯಕಾಂತಿಯ ಕುಟುಂಬ ಮತ್ತು ದ್ವಿದಳಧಾನ್ಯಗಳ ಕುಟುಂಬಗಳಿಗೆ ತಲಾ 31 ಸೇರುತ್ತವೆ. ಸಂಖ್ಯೆ ಭೀತಿ ಹುಟ್ಟಿಸುವಂಥದೇ ಸರಿ. ಆದರೆ ಛತ್ರದಲ್ಲಿ ಒಂದು ರಾತ್ರಿ ತಂಗಿದವನನ್ನು ಆ ಊರಿನ ಒಕ್ಕಲೆಂದು ಎಣಿಸಲಾಗದು. ಹುಳುವು ಒಂದು ಗಿಡದ ಎಲೆಯನ್ನು ತಿಂದಿತೆಂಬುದು ಬೇರೆ. ಪತಂಗವು ಅದೇ ಗಿಡವನ್ನು ಆರಿಸಿ ಮೊಟ್ಟೆಯಿಟ್ಟು, ಅಲ್ಲಿಯೇ ಸಂತತಿ ಬೆಳೆಯಿತೆಂಬುದು ಬೇರೆ. ಈ ಎರಡನೆಯ ಅರ್ಥದಲ್ಲಿ ಹುಲ್ಲಿನ ಕುಟುಂಬವೇ ಇದರ ನಿಜವಾದ ನೆಲೆ, ಅದರಲ್ಲಿಯೂ ಮುಸುಕಿನ ಜೋಳವೇ ಅಗ್ರಸ್ಥಾನದಲ್ಲಿದೆ. ಬಿಳಿಜೋಳವೂ ಇದರ ಬಾಯಿಗೆ ಬಿದ್ದಿದೆ. ಮಹಾರಾಷ್ಟ್ರದಲ್ಲಿ ಅದೇ ವರ್ಷ ಕಬ್ಬಿನ ಮೇಲೂ ಕಾಣಿಸಿಕೊಂಡಿತು.

ರೂಪದಲ್ಲಿ ಭೇದವಿಲ್ಲದೆ ಅನುವಂಶಿಕ ಗುರುತುಗಳಿಂದ ಮಾತ್ರ ತಿಳಿಯಬಹುದಾದ ಎರಡು ಪಂಗಡಗಳು ಈ ಕೀಟದಲ್ಲಿವೆ. ಅಮೆರಿಕದಲ್ಲಿ ಒಂದಕ್ಕೆ ಮುಸುಕಿನ ಜೋಳವೂ ಇನ್ನೊಂದಕ್ಕೆ ಭತ್ತ ಮತ್ತು ಮೇವಿನ ಹುಲ್ಲುಗಳೂ ಪ್ರಿಯವೆಂದು ಹೇಳುತ್ತಾರೆ. ಆದರೆ ಕರ್ನಾಟಕದ ಮುಸುಕಿನ ಜೋಳದಲ್ಲಿ ದೊರೆತ ಹುಳುಗಳಲ್ಲಿ ಭತ್ತದ ಪಂಗಡದ ಗುರುತೇ ಕಂಡುಬಂದಿತು. ಆದುದರಿಂದ ಪಂಗಡದ ಹೆಸರನ್ನು ನಂಬಿ ಬೆಳೆಯ ಭವಿಷ್ಯವನ್ನು ನುಡಿಯುವಂತಿಲ್ಲ.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಈ ಕೀಟಕ್ಕೆ ದೀರ್ಘನಿದ್ರೆಯ ಅವಸ್ಥೆಯಿಲ್ಲ. ವರ್ಷವಿಡೀ ಹಸುರು ಬೇಕು. ಕೊಯ್ಲು ಮುಗಿದ ಮೇಲೆ ನೀರಾವರಿಯ ಬೇಸಗೆ ಬೆಳೆ, ಮೇವಿನ ಜೋಳ, ಬದುವಿನ ಹುಲ್ಲು ಅದಕ್ಕೆ ಮುಂದಿನ ಮಳೆಗಾಲದವರೆಗಿನ ಸೇತುವೆಯಾಗಬಲ್ಲವು. ಇದನ್ನರಿಯದ ರೈತನು ಹೊಲಕ್ಕೆ ಮಾತ್ರ ಔಷಧಿ ಸಿಂಪಡಿಸಿ ಹಣ ಕಳೆದುಕೊಳ್ಳುತ್ತಾನೆ. ಹುಳುವು ಸುಳಿಯೊಳಗೆ ಅಡಗಿರುವುದರಿಂದ ಔಷಧಿಯೂ ಅದನ್ನು ಸುಲಭವಾಗಿ ಮುಟ್ಟದು.

ದ್ವಿದಳಧಾನ್ಯಗಳು ಪಟ್ಟಿಯಲ್ಲಿದ್ದರೂ, ಮುಸುಕಿನ ಜೋಳದ ನಡುವೆ ತೊಗರಿ, ಉದ್ದು, ಹೆಸರುಗಳನ್ನು ಬೆಳೆಯಬೇಕೆಂದೂ ಹೊಲದ ಸುತ್ತ ನೇಪಿಯರ್ ಹುಲ್ಲನ್ನು ಆಕರ್ಷಕ ಬೆಳೆಯಾಗಿ ಹಾಕಬೇಕೆಂದೂ ಕೃಷಿವಿಜ್ಞಾನಿಗಳು ಸಲಹೆ ಮಾಡಿದ್ದಾರೆ. ಕನ್ನಡ ನಾಡಿನ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದ ಪದ್ಧತಿಗೆ ಇದು ದೂರದ್ದಲ್ಲ. ಶತ್ರುವು ಎಲ್ಲೆಲ್ಲಿ ಉಂಡಿತೆಂಬುದಕ್ಕಿಂತ ಎಲ್ಲಿ ನೆಲೆಸುತ್ತದೆಂಬುದನ್ನು ತಿಳಿಯುವುದೇ ಬೆಳೆಯ ರಕ್ಷಣೆಗೆ ಮೊದಲ ಹೆಜ್ಜೆ.