ಉತ್ತರ ಬರಲಿಲ್ಲ ಅಂದರೆ ಇಲ್ಲ ಎಂದಲ್ಲ

ಮಹಾನವಮಿಯಂದು ದೇವರಗುಡ್ಡದ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯನುಡಿ ಮುಗಿದು ಜನ ಅಂಗಡಿ ಸಾಲಿನತ್ತ ಹರಿಯುವಾಗ ಜೇಬಿನಿಂದ ಸಾವಿರಾರು ಫೋನ್‌ಗಳು ಒಟ್ಟಿಗೇ ಹೊರಬರುತ್ತವೆ. ಭಂಡಾರ, ಬೆಂಡು-ಬೆತ್ತಾಸು, ಮಿರ್ಚಿ-ಮಂಡಕ್ಕಿ ಎಲ್ಲದರ ಮುಂದೂ ಕ್ಯೂಆರ್ ಫಲಕ. ಟವರ್ ಮಾತ್ರ ದಿನನಿತ್ಯದ ಊರಿನ ಲೆಕ್ಕದ್ದು. ಆಗ ಶುರುವಾಗುತ್ತದೆ ತಕರಾರು.

“ನಂದು ಕಟ್ ಆಗೇತ್ರಿ ಅಕ್ಕಾರ.”

“ನನಗಿನ್ನೂ ಬಂದಿಲ್ರಿ ಅಣ್ಣಾರ.”

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೋರಿಕೆ ಮತ್ತು ಉತ್ತರ ಕೋಡ್‌ನಲ್ಲಿ ಹೇಗೆ ಓಡಾಡುತ್ತವೆ ಎಂಬುದರ ಬಗ್ಗೆ ನಾವು ನಂಬಿಕೊಂಡಿರುವ ಕೆಲವು ಸಂಗತಿಗಳು ಮಾತ್ರ ಸುಳ್ಳು.

ತಪ್ಪು ಕಲ್ಪನೆ: ಉತ್ತರ ಬರಲಿಲ್ಲ, ಅಂದರೆ ಕೆಲಸ ಆಗಿಲ್ಲ

ಫೋನ್ ಕಳಿಸುವ ಕೋರಿಕೆ ಒಂದು ಪ್ರಯಾಣ, ಅದಕ್ಕೆ ಬರುವ ಉತ್ತರ ಇನ್ನೊಂದು. ಎರಡರಲ್ಲಿ ಯಾವುದು ಬೇಕಾದರೂ ದಾರಿ ತಪ್ಪಬಹುದು. ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) 2016ರಲ್ಲಿ ಆರಂಭಿಸಿದ ಯುಪಿಐಯಲ್ಲಂತೂ ಈ ದಾರಿ ಉದ್ದ. ಆ್ಯಪ್‌ನ ಬ್ಯಾಂಕಿನಿಂದ ಕೋರಿಕೆ ಎನ್‌ಪಿಸಿಐಗೆ ಹೋಗುತ್ತದೆ. ಅದು ನಿಮ್ಮ ಬ್ಯಾಂಕಿಗೆ ‘ಇಷ್ಟು ಕಡಿತ ಮಾಡು’ ಎನ್ನುತ್ತದೆ. ಕಡಿತವಾದ ಸುದ್ದಿ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ‘ಇಷ್ಟು ಜಮಾ ಮಾಡು’ ಎನ್ನುತ್ತದೆ. ಒಂದೊಂದು ಹಂತದಲ್ಲೂ ಎದುರಿನ ಕಂಪ್ಯೂಟರ್ ಮೊದಲು ಹೇಳುವುದು ‘ನಿನ್ನ ಮಾತು ತಲುಪಿತು’ ಎಂದಷ್ಟೇ. ‘ಕೆಲಸ ಆಯಿತು’ ಎಂಬುದು ಆಮೇಲೆ ಬೇರೆಯೇ ಸಂದೇಶವಾಗಿ ಬರುತ್ತದೆ.

ಕೋರಿಕೆ ತಲುಪಲೇ ಇಲ್ಲ; ತಲುಪಿ ವಿಫಲವಾಯಿತು; ಕೆಲಸ ಆಯಿತು, ಆದರೆ ಉತ್ತರ ಕಳೆದುಹೋಯಿತು. ತಿರುಗುತ್ತಲೇ ಇರುವ ಚಕ್ರದ ಹಿಂದೆ ಈ ಮೂರರಲ್ಲಿ ಯಾವುದಿದೆ ಎಂದು ಫೋನಿಗೆ ತಿಳಿಯುವುದಿಲ್ಲ. ಕೋಡ್ ಬರೆಯುವವರು ಇಷ್ಟು ಸೆಕೆಂಡ್ ಕಾಯಬೇಕು ಎಂದು ಗಡುವು ಇಟ್ಟಿರುತ್ತಾರೆ. ಗಡುವು ಮೀರಿದರೆ ‘ಫೇಲ್’ ಎಂದು ತೋರಿಸುವುದು ಸೋಮಾರಿ ಕೋಡ್. ‘ಪೆಂಡಿಂಗ್’ ಎಂದು ತೋರಿಸಿ, ‘ಆ ವ್ಯವಹಾರ ಏನಾಯಿತು’ ಎಂದು ಸರ್ವರ್‌ಗೆ ಮತ್ತೆ ಕೇಳುವುದು ಸರಿಯಾದ ಕೋಡ್. ನಮಗೆ ಸಿಟ್ಟು ಬರುವುದು ಮಾತ್ರ ಈ ‘ಪೆಂಡಿಂಗ್’ ಮೇಲೆಯೇ!

ರಿಸರ್ವ್ ಬ್ಯಾಂಕ್ ಕೂಡ ಈ ಕತ್ತಲ ಸಂದನ್ನು ಒಪ್ಪಿಕೊಂಡೇ ನಿಯಮ ಮಾಡಿದೆ. 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ಹಣ ಕಡಿತವಾಗಿ ವ್ಯಾಪಾರಿಗೆ ಖಾತ್ರಿ ಸಿಗದಿದ್ದರೆ ವ್ಯವಹಾರದ ದಿನ ಕಳೆದು 5 ದಿನದೊಳಗೆ ಹಣ ತಾನಾಗಿ ವಾಪಸಾಗಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ 1 ದಿನ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ.

ತಪ್ಪು ಕಲ್ಪನೆ: ಇನ್ನೊಮ್ಮೆ ಒತ್ತಿದರೆ ಏನೂ ಆಗದು

ಇದು ಕೋಡ್ ಹೇಗಿದೆ ಎಂಬುದರ ಮೇಲೆ ನಿಂತಿದೆ. ಪುಟ ತೋರಿಸು ಎಂಬಂಥ ಕೋರಿಕೆಯನ್ನು ಹತ್ತು ಸಲ ಕಳಿಸಿದರೂ ಅದೇ ಪುಟ ಬರುತ್ತದೆ, ನಷ್ಟವಿಲ್ಲ. 50 ರೂಪಾಯಿ ಕಳಿಸು ಎಂಬುದು ಹಾಗಲ್ಲ. ಅದಕ್ಕೇ ಪ್ರತಿ ಪಾವತಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಅಂಟಿಸಿರುತ್ತಾರೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ, ‘ಇದನ್ನು ಆಗಲೇ ನೋಡಿದ್ದೇನೆ’ ಎಂದು ಸರ್ವರ್ ಸುಮ್ಮನಾಗಬೇಕು. ಆದರೆ ನೀವು ಹೊರಗೆ ಬಂದು ಕ್ಯೂಆರ್ ಹೊಸದಾಗಿ ಸ್ಕ್ಯಾನ್ ಮಾಡಿದರೆ ಹೊಸ ಸಂಖ್ಯೆ ಹುಟ್ಟುತ್ತದೆ. ಸರ್ವರ್‌ನ ಕಣ್ಣಿಗೆ ಅದು ಎರಡನೇ ಖರೀದಿ. ಜಾತ್ರೆಯಲ್ಲಿ ಎರಡೆರಡು ಸಲ ಹಣ ಹೋಗುವುದು ಹೀಗೆಯೇ.

ಇನ್ನೊಂದು ಪೆಟ್ಟೂ ಇದೆ. ಉತ್ತರ ಬಾರದ ಎಲ್ಲರೂ ತಕ್ಷಣ ಮತ್ತೆ ಒತ್ತಿದರೆ ಏದುಸಿರು ಬಿಡುತ್ತಿರುವ ವ್ಯವಸ್ಥೆಯ ಮೇಲೆ ಹೊರೆ ಇಮ್ಮಡಿಯಾಗುತ್ತದೆ. ಅನುಭವಿಗಳು ಬರೆದ ಕೋಡ್ ಮರುಯತ್ನದ ನಡುವಿನ ಬಿಡುವನ್ನು ಪ್ರತಿ ಸಲವೂ ಹೆಚ್ಚಿಸುತ್ತದೆ. ಎಲ್ಲ ಫೋನ್‌ಗಳೂ ಒಂದೇ ಕ್ಷಣಕ್ಕೆ ಮುಗಿಬೀಳದಂತೆ ಆ ಬಿಡುವನ್ನು ಬೇಕೆಂದೇ ಅಷ್ಟಿಷ್ಟು ಏರುಪೇರು ಮಾಡುತ್ತದೆ. ಬೆರಳಿಗೆ ಆ ತಾಳ್ಮೆ ಇಲ್ಲ.

ತಪ್ಪು ಕಲ್ಪನೆ: ಸೌಂಡ್‌ಬಾಕ್ಸ್ ಮಾತಾಡಲಿಲ್ಲ, ಹಣ ಬಂದಿಲ್ಲ

ಹಣ ಬಂತೆಂದು ಕೂಗಿ ಹೇಳುವ ಆ ಪೆಟ್ಟಿಗೆಗೆ ಅದರದೇ ಸಿಮ್ ಇರುತ್ತದೆ. ಹಣ ಜಮೆಯಾದ ಸುದ್ದಿ ಅದಕ್ಕೆ ಪ್ರತ್ಯೇಕವಾಗಿ ಬರಬೇಕು. ಅದೂ ಅದೇ ಟವರ್ ಮೂಲಕ. ಹಾಗೆಂದು ಗಿರಾಕಿ ತೋರಿಸುವ ಹಸಿರು ಟಿಕ್ಕನ್ನೂ ನಂಬುವಂತಿಲ್ಲ, ಅಂಥ ಪರದೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು. ಅಂಗಡಿಯವರು ನೋಡಬೇಕಾದ್ದು ತಮ್ಮದೇ ಖಾತೆಯನ್ನು.

ತಪ್ಪು ಕಲ್ಪನೆ: ಏನೇ ಕೆಟ್ಟರೂ ‘ಸರ್ವರ್ ಡೌನ್’

ಕಾರಣಿಕದ ಒಂದು ಸಾಲಿಗೆ ರೈತ ಮಳೆಯ ಅರ್ಥ ಹಚ್ಚುತ್ತಾನೆ, ರಾಜಕಾರಣಿ ಕುರ್ಚಿಯ ಅರ್ಥ ಹಚ್ಚುತ್ತಾನೆ. ಸರ್ವರ್ ಕೊಡುವ ಮೂರಂಕಿಯ ಸಂಕೇತಕ್ಕೆ ಆ ಸ್ವಾತಂತ್ರ್ಯವಿಲ್ಲ. 404 ಬಂದರೆ ಸರ್ವರ್ ಎದ್ದೇ ಇದೆ, ನೀವು ಕೇಳಿದ್ದು ಅಲ್ಲಿಲ್ಲ. 429 ಎಂದರೆ ನೀವು ಅತಿಯಾಗಿ ಕೇಳುತ್ತಿದ್ದೀರಿ. 4ರಿಂದ ಶುರುವಾದವು ಕೇಳಿದವರ ಕಡೆಯ ತಪ್ಪು, 5ರಿಂದ ಶುರುವಾದವು ಸರ್ವರ್ ಕಡೆಯವು. 503 ಬಂದರೆ ಸರ್ವರ್‌ಗೆ ಸದ್ಯ ಕೈ ಬಿಡುವಿಲ್ಲ. 504 ಬಂದರೆ ನಡುವಿನ ಸರ್ವರ್ ತನ್ನ ಹಿಂದಿನವರಿಗಾಗಿ ಕಾದು ಸೋತಿದೆ. 202 ಸ್ವಾರಸ್ಯದ್ದು: ಅರ್ಜಿ ತೆಗೆದುಕೊಂಡಿದ್ದೇನೆ, ಕೆಲಸ ಇನ್ನೂ ಮುಗಿದಿಲ್ಲ. ಒಳಗೆ ಎಲ್ಲ ಕೆಟ್ಟಿದ್ದರೂ ಹೊರಗೆ 200 ಎಂದು ಕಳಿಸುವ ಕೋಡ್ ಬರೆಯುವವರೂ ಇದ್ದಾರೆ. ಅವರನ್ನು ಕ್ಷಮಿಸುವುದು ಕಷ್ಟ.

ತಪ್ಪು ಕಲ್ಪನೆ: ಗಡುವಿನೊಳಗೆ ಒತ್ತಿದ್ದೇನೆ, ದರ ದಾಖಲಾಗಿದೆ

ಇದು ಜಾತ್ರೆಯದಲ್ಲ, ಬ್ಯಾಡಗಿ ಮಾರುಕಟ್ಟೆಯ ಮಾತು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಅಲ್ಲಿನ ಎಪಿಎಂಸಿಯಲ್ಲಿ ಇ-ಟೆಂಡರ್ ನಡೆಯುತ್ತದೆ. ಖರೀದಿದಾರರು ಮಾಲು ನೋಡಿ ಲಾಟಿಗೆ ದರ ಹಾಕುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರಬೇಕಾದ್ದು ಖರೀದಿದಾರರ ಕೈಗಡಿಯಾರವಲ್ಲ, ಸರ್ವರ್‌ನ ಗಡಿಯಾರ. ಕೊನೆಯ ನಿಮಿಷದಲ್ಲಿ ಒತ್ತಿದ್ದು ದಾರಿಯಲ್ಲೇ ಇದ್ದಾಗ ಬಾಗಿಲು ಮುಚ್ಚಿದರೆ ಅದು ಬಾರದ ದರ.

ದರ ಬಿದ್ದಾಗ ‘ಕಂಪ್ಯೂಟರ್ ತಿಂದಿತು’ ಎಂಬ ಮಾತೂ ಹುಟ್ಟುತ್ತದೆ. ದರ ಕುಸಿತಕ್ಕೆ ರೊಚ್ಚಿಗೆದ್ದ ರೈತರು 2024ರ ಮಾರ್ಚ್ 11ರಂದು ಅಲ್ಲಿ ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚಿದ್ದರು. ಟೆಂಡರ್ ತಂತ್ರಾಂಶದ ಕೆಲಸ ಬಂದ ದರಗಳನ್ನು ಪಡೆದು ಹೆಚ್ಚಿನದನ್ನು ಮೇಲಿಡುವುದು. ದರ ಹಾಕಲು ಎಷ್ಟು ಜನ ಬಂದರು ಎಂಬುದು ಅದರ ಕೈಯಲ್ಲಿಲ್ಲ. ಆದರೆ ಪ್ರತಿ ಕೋರಿಕೆ ಯಾವ ಕ್ಷಣಕ್ಕೆ ಮುಟ್ಟಿತು, ಏನು ಉತ್ತರ ಹೋಯಿತು ಎಂದು ಬರೆದಿಡುವುದು ಇಂಥ ವ್ಯವಸ್ಥೆಯ ಕೈಲಾಗುವ ಕೆಲಸ. ಅನುಮಾನ ಇರುವವರು ಕೇಳಬೇಕಾದ್ದು ಆ ದಾಖಲೆಯನ್ನು: ಈ ಲಾಟಿಗೆ ಎಷ್ಟು ದರ ಬಂದವು, ಎಷ್ಟು ಗಂಟೆಗೆ ಬಂದವು, ಯಾವುದನ್ನು ಯಾಕೆ ಬಿಟ್ಟರು.