ಗಾಳಿ ಇದ್ದಲ್ಲಿಗೇ ರಕ್ತವನ್ನು ಕರೆವ ಮದ್ದು

ಹೃದಯದ ಎಡಭಾಗ ಇಡೀ ಮೈಗೆ ಎಷ್ಟು ರಕ್ತ ನೂಕುತ್ತದೋ, ಬಲಭಾಗ ಶ್ವಾಸಕೋಶಕ್ಕೂ ಅಷ್ಟೇ ನೂಕುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್! ಅದೂ ಮೈಯ ರಕ್ತದೊತ್ತಡದ ಆರನೇ ಒಂದು ಪಾಲಿನಷ್ಟು ಒತ್ತಡದಲ್ಲಿ. ಈ ಮೆತ್ತನೆಯ ದಾರಿ ಬಿಗಿದುಕೊಂಡರೆ ಅದೇ ಪಲ್ಮನರಿ ಹೈಪರ್‌ಟೆನ್ಷನ್.

ಆಗಷ್ಟೇ ಹುಟ್ಟಿದ ಕೂಸನ್ನು ನೆನೆಸಿಕೊಳ್ಳಿ. ಗರ್ಭದಲ್ಲಿ ಮುದುಡಿಕೊಂಡಿದ್ದ ಶ್ವಾಸಕೋಶದ ರಕ್ತನಾಳಗಳು ಮೊದಲ ಉಸಿರಿನೊಂದಿಗೆ ಅರಳಬೇಕು. ಕೆಲವು ಕೂಸುಗಳಲ್ಲಿ ಅರಳುವುದೇ ಇಲ್ಲ. ವೆಂಟಿಲೇಟರ್ ಆಮ್ಲಜನಕ ತುಂಬುತ್ತಲೇ ಇರುತ್ತದೆ, ತುಟಿ ಮಾತ್ರ ನೀಲಿ. ಎದೆಯ ತುಂಬ ಗಾಳಿಯಿದೆ, ಅದನ್ನು ಹೊತ್ತೊಯ್ಯಲು ರಕ್ತ ಬರುತ್ತಿಲ್ಲ!

ಆಗ ಕೊಡುವ ಮದ್ದು ಯಾವುದು ಗೊತ್ತೆ? ನೈಟ್ರಿಕ್ ಆಕ್ಸೈಡ್. ವಾಹನಗಳ ಹೊಗೆಯಲ್ಲಿರುವ ಅದೇ ಅನಿಲ! ಹತ್ತು ಲಕ್ಷ ಪಾಲಿನಲ್ಲಿ ಬರೀ 20 ಪಾಲು. ಉಸಿರಿನ ಜೊತೆ ಗಾಳಿಗೂಡಿಗೆ ಇಳಿದು, ಪಕ್ಕದ ರಕ್ತನಾಳದ ಗೋಡೆಗೆ ನುಸುಳಿ, ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಇನ್ನೂ ಸೋಜಿಗ ಮುಂದಿದೆ. ಗಾಳಿ ಹೋಗದ ಮೂಲೆಗೆ ಈ ಮದ್ದೂ ಹೋಗದು. ಹಾಗಾಗಿ ಎಲ್ಲಿ ಗಾಳಿಯಿದೆಯೋ ಅಲ್ಲೇ ನಾಳ ತೆರೆಯುತ್ತದೆ, ಅಲ್ಲಿಗೇ ರಕ್ತ ಹರಿಯುತ್ತದೆ. ರಕ್ತಕ್ಕೆ ಇಳಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಹಿಡಿದು ನಿಷ್ಕ್ರಿಯಗೊಳಿಸುವುದರಿಂದ ಮೈಯ ರಕ್ತದೊತ್ತಡ ಕುಸಿಯುವುದಿಲ್ಲ. ಎಲ್ಲ ಕೂಸುಗಳಿಗೂ ಇದು ಫಲಿಸದು, ನಿಜ. ಫಲಿಸಿದಾಗ ನೀಲಿ ತುಟಿಗೆ ಕೆಂಪು ಮರಳುವುದನ್ನು ಕಣ್ಣಾರೆ ಕಾಣಬಹುದು.

ಈ ಅನಿಲವನ್ನು ನಮ್ಮ ರಕ್ತನಾಳಗಳ ಒಳಪದರವೇ ದಿನವಿಡೀ ತಯಾರಿಸುತ್ತಿರುತ್ತದೆ! ಮೊಲದ ಮಹಾಪಧಮನಿಯ ತುಣುಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದ ರಾಬರ್ಟ್ ಫರ್ಚ್‌ಗಾಟ್, ಒಳಪದರ ಉಜ್ಜಿಹೋದರೆ ನಾಳ ಸಡಿಲಗೊಳ್ಳುವುದಿಲ್ಲ ಎಂದು 1980ರಲ್ಲಿ ತೋರಿಸಿದರು. ಆ ಪದರ ಕಳಿಸುವ ಸಂದೇಶವೇ ನೈಟ್ರಿಕ್ ಆಕ್ಸೈಡ್ ಎಂದು ಆಮೇಲೆ ತಿಳಿಯಿತು. ಈ ಶೋಧಕ್ಕೆ 1998ರಲ್ಲಿ ಅವರಿಗೆ, ಜೊತೆಗೆ ವಿಜ್ಞಾನಿಗಳಾದ ಲೂಯಿ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ ನೊಬೆಲ್ ಬಂತು.

ಸಂದೇಶ ತಲುಪಿದ ಸ್ನಾಯುವಿನಲ್ಲಿ, ಅದನ್ನು ಸಡಿಲಿಸುವ ಸಿಜಿಎಂಪಿ ಎಂಬ ಅಣು ಹುಟ್ಟುತ್ತದೆ. ಆ ಅಣುವನ್ನು ಒಡೆದುಹಾಕಲು ಒಂದು ಕಿಣ್ವ ಕಾದಿರುತ್ತದೆ, ಶ್ವಾಸಕೋಶದಲ್ಲಂತೂ ಧಾರಾಳವಾಗಿ. ಆ ಕಿಣ್ವದ ಕೈ ಕಟ್ಟುವ ಮಾತ್ರೆಯೇ ಸಿಲ್ಡೆನಾಫಿಲ್. ಹೌದು, ವಯಾಗ್ರದಲ್ಲಿರುವುದೂ ಅದೇ! ಶ್ವಾಸಕೋಶದ ಅಪಧಮನಿಯ ಅಧಿಕ ಒತ್ತಡಕ್ಕೆ ಅಮೆರಿಕದಲ್ಲಿ 2005ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ರೋಗ ವಾಸಿಯಾಗುವುದಿಲ್ಲ. ಆದರೆ ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಹೆಚ್ಚುತ್ತದೆ.

ಎದೆನೋವಿಗೆ ನೈಟ್ರೇಟ್ ಮದ್ದು ತೆಗೆದುಕೊಳ್ಳುವವರು ಮಾತ್ರ ಸಿಲ್ಡೆನಾಫಿಲ್ ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ನು ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ, ಅದು ಈ ರೋಗದ ಸುಳಿವೂ ಇರಬಹುದು. ವೈದ್ಯರನ್ನು ಕಂಡು ಒಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸಿಕೊಳ್ಳಿ.